ಹೊಳೆ ದಾಟದೆ ಮನೆಗೆ ಬಂದವರು

ನಮ್ಮ ಮನೆಗೆಲಸದ ರತ್ನಮ್ಮನಿಗೂ ನನಗೂ ಇರುವ ಒಂದೇ ಒಂದು ಜಗಳ ಪೊರಕೆಯದು. ಮನೆಯಿಂದ ಯಾರಾದರೂ ಬೇರೆ ಊರಿಗೆ ಹೊರಟರೆ, ಅವರು ಅಲ್ಲಿಗೆ ಸೇರಿದ ಸುದ್ದಿ ಬರುವ ತನಕ ನಾನು ಹಜಾರ ಗುಡಿಸಲು ಬಿಡುವುದಿಲ್ಲ. ಪೊರಕೆಯನ್ನು ಒಯ್ದು ಹಿತ್ತಲಿನ ಬಚ್ಚಲಮನೆಯ ಬಾಗಿಲ ಹಿಂದೆ ನಿಲ್ಲಿಸಿಬಿಡುತ್ತೇನೆ. ಪಾಪ, ಅವಳಿಗೆ ಇನ್ನೂ ನಾಲ್ಕು ಮನೆ ಇರುತ್ತವೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ನನಗೆ ಕೇಳಿಸುವಷ್ಟು ಮೆಲ್ಲಗೆ ಗೊಣಗುತ್ತಾಳೆ.

ಮೊನ್ನೆ ನನ್ನ ತಮ್ಮ ವಿಮಾನದಲ್ಲಿ ಕೊಯಮತ್ತೂರಿಗೆ ಹೋದ. ಈಗ ಏರ್‌ಪೋರ್ಟು ದೇವನಹಳ್ಳಿಗೆ ಹೋಗಿ ಕೂತಿದೆಯಲ್ಲ, ಚಾಮರಾಜಪೇಟೆಯಿಂದ ಅಲ್ಲಿಗೆ ಹೋಗುವುದೇ ಒಂದು ಯಾತ್ರೆ. ಅಲ್ಲಿ ಚೆಕ್ಕಿಂಗು, ಕ್ಯೂ, ಮತ್ತೆ ಚೆಕ್ಕಿಂಗು. ಇಷ್ಟೆಲ್ಲ ಮುಗಿಸಿ ಮೇಲೆ ಹಾರಿದರೆ, ಕೊಟ್ಟ ಚಾಕೊಲೇಟು ಬಾಯಲ್ಲಿ ಕರಗುವಷ್ಟರಲ್ಲಿ ಕೊಯಮತ್ತೂರು. ರತ್ನಮ್ಮನಿಗೆ ಇದೆಲ್ಲ ಗೊತ್ತು. ಏರೋಪ್ಲೇನಲ್ಲಿ ಹೋದವರಿಗೂ ಇದೇ ರೂಲ್ಸಾ, ಅವರು ಆಗಲೇ ಹೋಗಿ ಉಂಡು ಮಲಗಿರುತ್ತಾರೆ ಎಂದು ವಾದಿಸಿದಳು. ವಿಮಾನದಲ್ಲಿ ಹೋದವರಿಗೇ ರೂಲ್ಸು ಇನ್ನೂ ಜಾಸ್ತಿ ಎಂದೆ ನಾನು. ಅವಳು ನನ್ನನ್ನು ಒಂದು ಥರ ನೋಡಿ ಪಾತ್ರೆ ತೊಳೆಯಲು ಹೋದಳು.

ನೀವೂ ಹಾಗೆ ನೋಡಬೇಡಿ. ನಾನೇನು ಹುಟ್ಟಿನಿಂದಲೇ ಹೀಗಿದ್ದವಳಲ್ಲ. ತ್ಯಾಗರಾಜನಗರದ ಒಂದು ಶಾಲೆಯಲ್ಲಿ ಭೂಗೋಳ ಕಲಿಸುವ ಟೀಚರು ನಾನು. ಭೂಮಿ ಗುಂಡಗಿದೆ, ಗ್ರಹಣದಲ್ಲಿ ಊಟ ಮಾಡಬಹುದು, ಬೆಕ್ಕು ಅಡ್ಡ ಬಂದರೆ ಅದಕ್ಕೂ ಎಲ್ಲೋ ಕೆಲಸ ಇರುತ್ತದೆ ಎಂದೆಲ್ಲ ಮಕ್ಕಳಿಗೆ ಹೇಳಿದವಳು. ಹುಟ್ಟಿ ಬೆಳೆದದ್ದು ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯ ಹಿಂದಿನ ಅಡ್ಡರಸ್ತೆಯ ವಠಾರದ ಮನೆಯಲ್ಲಿ. ನಮ್ಮಪ್ಪ ಒಂದೇ ಒಂದು ದೂರದ ಊರನ್ನೂ ಕಾಣದೆ ಗುಮಾಸ್ತಿಕೆ ಮುಗಿಸಿದವರು. ಆದರೆ ಮನೆಯಲ್ಲಿ ಒಂದು ದೊಡ್ಡ ಭೂಪಟವಿತ್ತು. ಭಾನುವಾರ ಎಣ್ಣೆಸ್ನಾನವಾದ ಮೇಲೆ ಅದನ್ನು ನೆಲದ ಮೇಲೆ ಹರಡಿ, ಅಮ್ಮನ ಹೊಲಿಗೆಯ ಪೆಟ್ಟಿಗೆಯಿಂದ ನೂಲು ತಂದು ನಮ್ಮನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಸೀಗೆಪುಡಿಯ ವಾಸನೆಯ ತಲೆಗಳೆಲ್ಲ ಆ ಭೂಪಟದ ಮೇಲೆ ಬಾಗುತ್ತಿದ್ದವು.

ಮೊದಲು ನೂಲನ್ನು ರೈಲುಹಾದಿಯ ಮೇಲೆ ಇಡುವುದು. ಅದು ಹೇಗೆ ಬಳುಕಿದರೆ ಹಾಗೆ ಬಳುಕಿಸಿ, ಊರಿಂದ ಊರಿಗೆ ಉಗುರಿನಲ್ಲಿ ಒತ್ತುತ್ತ ಹೋಗುವುದು. ಆಮೇಲೆ ಅದೇ ನೂಲನ್ನು ಎರಡು ಊರಿನ ನಡುವೆ ನೆಟ್ಟಗೆ ಎಳೆದು ತೋರಿಸುವುದು. ಇದು ಹಕ್ಕಿ ಹಾರುವ ದೂರ ಎನ್ನುತ್ತಿದ್ದರು ಅಪ್ಪ. ನೆಟ್ಟಗೆ ಎಳೆದಾಗ ಯಾವಾಗಲೂ ಒಂದಿಷ್ಟು ನೂಲು ಉಳಿಯುತ್ತಿತ್ತು. ಉಳಿದದ್ದು ಎಲ್ಲಿ ಹೋಗುತ್ತೆ ಅಪ್ಪ ಎಂದು ನಾನು ಕೇಳುತ್ತಿದ್ದೆ. ಅಪ್ಪ ಅದನ್ನು ನನ್ನ ಬೆರಳಿಗೆ ಸುತ್ತಿ, ಎಲ್ಲೂ ಹೋಗಲ್ಲ, ಇಲ್ಲೇ ಇರುತ್ತೆ ಎನ್ನುತ್ತಿದ್ದರು. ಬೆರಳ ತುದಿ ಕೆಂಪಾಗುವ ತನಕ ನಾನು ಅದನ್ನು ಬಿಚ್ಚುತ್ತಿರಲಿಲ್ಲ. ಆ ನೂಲು ಮುಂದೆ ನನ್ನ ತಲೆ ತಿನ್ನುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ಮದುವೆಯಾಗಿ ಚಾಮರಾಜಪೇಟೆಗೆ ಬಂದೆ. ಕಲ್ಲು ಚಪ್ಪಡಿಯ ಜಗಲಿ, ಎರಡು ಮರದ ಕಂಬಗಳ ಹಜಾರ, ಹಿಂದೆ ಒಂದು ನಲ್ಲಿ, ಒಂದು ಕರಿಬೇವಿನ ಗಿಡ. ಮನೆಯಲ್ಲಿ ನಾವು ಮೂವರೇ. ನಾನು, ಇವರು, ನಮ್ಮತ್ತೆ. ಇವರು ಅಂದರೆ ನಮ್ಮ ಯಜಮಾನರು, ಹೆಸರು ಹೇಳಿ ಅಭ್ಯಾಸವಿಲ್ಲ, ಕ್ಷಮಿಸಿ. ಸರ್ಕಾರಿ ಕಚೇರಿಯಲ್ಲಿ ಕೆಲಸ. ಬಾಯಿ ತೆರೆದರೆ ತಮಾಷೆ. ಗಡ್ಡ ಹೆರೆದುಕೊಳ್ಳುವಾಗ ಅರ್ಧಂಬರ್ಧ ರಾಗ ಗುನುಗುವುದು, ಪೇಪರನ್ನು ಸುರುಳಿ ಮಾಡಿ ಹಿಂದಿನಿಂದ ಬಂದು ನನ್ನ ತಲೆಗೆ ಹೊಡೆಯುವುದು, ಮಲ್ಲೇಶ್ವರದವರಿಗೆ ಕಾಫಿಗೆ ಸಕ್ಕರೆ ಎಷ್ಟು ಹಾಕಬೇಕು ಅಂತ ಗೊತ್ತಿಲ್ಲ ಎಂದು ದಿನಾ ಬೆಳಿಗ್ಗೆ ತೀರ್ಪು ಕೊಡುವುದು. ನಾನು ದಿನಾ ಸಕ್ಕರೆ ಸಾಕಾ ಎಂದು ಕೇಳುವುದು, ಇವರು ದಿನಾ ಏನಾದರೊಂದು ಕೊಂಕು ನುಡಿಯುವುದು. ಇದು ನಮ್ಮ ಸುಪ್ರಭಾತ.

ಊರಿಗೆ ಹೊರಟವರ ಹಿಂದೆಯೇ ಮನೆ ಗುಡಿಸಬಾರದು ಎನ್ನುವುದು ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಇದ್ದ ಪದ್ಧತಿ. ಕಾರಣ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಮನುಷ್ಯ ಹೊಸ್ತಿಲು ದಾಟಿದ ಕೂಡಲೇ ಗುಡಿಸಿ ಸಾರಿಸುವುದು ಹೆಣ ಎತ್ತಿದ ಮನೆಯಲ್ಲಿ ಮಾತ್ರ. ಇಷ್ಟಾಗಿದ್ದರೆ ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮತ್ತೆ ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಕೂರುತ್ತಿದ್ದರು.

ಹುಬ್ಬಳ್ಳಿ ಅವರ ತವರು. ಮದುವೆಯಾಗಿ ಆ ರೈಲಿನಲ್ಲೇ ಬಂದವರು, ಮಗಳು ಪದ್ಮಳನ್ನೂ ಅದೇ ಊರಿಗೆ ಕೊಟ್ಟವರು. ಮನೆಯಿಂದ ಯಾರಾದರೂ ಹುಬ್ಬಳ್ಳಿಗೆ ಹೊರಟರೆ ಎರಡು ಕಂಬಗಳ ನಡುವೆ ಮಣೆ ಹಾಕಿ ಬಾಗಿಲಿಗೆ ಮುಖ ಮಾಡಿ ಕೂತುಬಿಡುತ್ತಿದ್ದರು. ಕೂತು, ಅವರ ಜೊತೆ ಹೋಗುತ್ತಿದ್ದರು. ಯಶವಂತಪುರ ಎನ್ನುವರು. ಬಹಳ ಹೊತ್ತು ಸುಮ್ಮನಿದ್ದು ತುಮಕೂರು ಎನ್ನುವರು. ಆಮೇಲೆ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ಚಿಕ್ಕಜಾಜೂರು, ದಾವಣಗೆರೆ, ಹರಿಹರ. ಹರಿಹರವಾದ ಮೇಲೆ ತುಂಗಭದ್ರೆಯ ಸೇತುವೆ. ಅಲ್ಲಿ ಕಣ್ಣು ಮುಚ್ಚಿಯೇ ಕೈ ಮುಗಿಯುವರು. ಹೊಳೆ ದಾಟಿದ ಮೇಲೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ, ಕೊನೆಗೆ ಹುಬ್ಬಳ್ಳಿ. ‘ಇಳಿದ’ ಎಂದು ನೆಲಕ್ಕೆ ಕೈಯೂರಿ ಎದ್ದ ಮೇಲೆಯೇ ಪೊರಕೆಗೆ ಅಪ್ಪಣೆ. ದಿನವಿಡೀ ಚಾಮರಾಜಪೇಟೆಯ ಕನ್ನಡ ಆಡುತ್ತಿದ್ದವರು ಆ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತಾಗ ಮಾತ್ರ ತವರಿನ ಮಾತಿಗೆ ಹೊರಳುತ್ತಿದ್ದರು. ದನಿಯೂ ಬೇರೆಯಾಗುತ್ತಿತ್ತು, ಪಕ್ಕದಲ್ಲಿ ಇನ್ನೊಬ್ಬರು ಯಾರೋ ಕೂತಂತೆ.

ಹೊಸದರಲ್ಲಿ ನಾನು ನಕ್ಕಿದ್ದೂ ಉಂಟು. ಟೀ ಕಾಫೀ ಏನಾದರೂ ಸಿಕ್ತಾ ಅತ್ತೆ, ಸೀಟು ಕಿಟಕಿ ಪಕ್ಕಾನಾ ಎಂದು ಛೇಡಿಸುತ್ತಿದ್ದೆ. ಒಂದು ಸಲ ಇವರು ಹುಬ್ಬಳ್ಳಿಗೆ ಹೋದಾಗ ಅತ್ತೆ ಅರಸೀಕೆರೆ ಎಂದವರು ಮುಂದೆ ಹೋಗಲೇ ಇಲ್ಲ. ಅನ್ನ ಆರಿತು, ಮಜ್ಜಿಗೆ ಹುಳಿಯಾಯಿತು, ಅತ್ತೆ ಅರಸೀಕೆರೆಯಲ್ಲೇ. ಏನಾಯ್ತು ಎಂದರೆ, ಗಾಡಿ ಬಿಡವಲ್ದು ಎಂದರು. ಎರಡು ದಿನ ಬಿಟ್ಟು ಬಂದ ಇವರು, ಅಯ್ಯೋ ಆ ಅರಸೀಕೆರೆ, ಎಂಜಿನ್ ಕೆಟ್ಟು ಊಟದ ಹೊತ್ತು ಪೂರ್ತಿ ಅಲ್ಲೇ ಬಿಸಿಲಲ್ಲಿ ಕೂರಿಸಿದರು ಎಂದು ಶುರುಮಾಡಿದಾಗ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅಂದಿನಿಂದ ಛೇಡಿಸುವುದನ್ನು ಬಿಟ್ಟೆ. ನಂಬಿದೆ ಅಂತಲ್ಲ, ಸುಮ್ಮನೆ ಯಾಕೆ ಅಂತ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು ಅಷ್ಟೇ. ಒಂದು ಭಾನುವಾರ ಬೆಳಿಗ್ಗೆ ಪದ್ಮಳ ಗಂಡ ಫೋನು ಮಾಡಿದರು. ಪದ್ಮಳಿಗೆ ಜ್ವರ ತಲೆಗೇರಿದೆ, ಆಸ್ಪತ್ರೆಯಲ್ಲಿದ್ದಾಳೆ, ಯಾರನ್ನೂ ಗುರುತಿಸುತ್ತಿಲ್ಲ. ಹಲ್ಲು ಕಚ್ಚಿ ಹಿಡಿದಿದ್ದಾಳೆ, ಮಾತ್ರೆ ಇರಲಿ, ನೀರೂ ಒಳಗೆ ಹೋಗುತ್ತಿಲ್ಲ. ಬಾಯಿ ಬಿಟ್ಟರೆ ಒಂದೇ ಮಾತು, ಅಣ್ಣ ಎಲ್ಲಿ. ಈ ದಿನ ಕಳೆದರೆ ನೋಡೋಣ ಎಂದು ಡಾಕ್ಟರು ಹೇಳಿದ್ದಾರೆ. ಮಾವನವರು ತೀರಿಕೊಂಡಾಗ ಪದ್ಮ ಎರಡು ವರ್ಷದ ಕೂಸು. ಇವರೇ ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದ್ದು. ಔಷಧಿ ಕುಡಿಸಬೇಕಾದರೆ ಚಿಕ್ಕಂದಿನಲ್ಲೂ ಅವಳಿಗೆ ಅಣ್ಣನೇ ಬೇಕಿತ್ತಂತೆ.

ರೈಲಿನಲ್ಲಿ ಹೊರಟರೆ ಸೇರುವುದು ಸಂಜೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಆಗ ಹುಬ್ಬಳ್ಳಿಗೆ ಒಂದು ಪುಟ್ಟ ವಿಮಾನ ಹೋಗುತ್ತಿತ್ತು, ಎರಡು ಫ್ಯಾನು ಹಾಕಿದ್ದು, ಒಂದೇ ಗಂಟೆಯ ಹಾದಿ. ಇವರ ಸ್ನೇಹಿತರೊಬ್ಬರು ಓಡಾಡಿ ಸೀಟು ಕೊಡಿಸಿದರು. ನಮ್ಮ ಮನೆಯಿಂದ ವಿಮಾನ ಹತ್ತಿದ ಮೊದಲಿಗರು ಇವರೇ. ಅತ್ತೆಯನ್ನೂ ಕರೆದುಕೊಂಡು ಹೋಗಿ, ಮಗಳಲ್ಲವಾ ಎಂದೆ ನಾನು. ಅತ್ತೆ ಆಗಲೇ ಮಣೆ ಹಾಕುತ್ತಿದ್ದರು.

“ನಾನೂ ಹೋದ್ರೆ ದಾರಿಗೆ ಯಾರು ಕೂತ್ಕೋತಾರೆ?” ಎಂದರು.

ಇವರು ಆಟೋ ಹತ್ತಿದರು. ಅತ್ತೆ ಕೂತರು. ವಿಮಾನ ಹೊರಡುವ ಹೊತ್ತಿಗೆ ನನಗೆ ಸುಮ್ಮನಿರಲು ಆಗಲಿಲ್ಲ, ಶಾಲೆಯ ಭೂಪಟ ತಂದು ಅವರ ಮುಂದೆ ಹರಡಿದೆ. ನೋಡಿ ಅತ್ತೆ, ರೈಲು ಹೀಗೆ ಹೋಗುತ್ತೆ, ವಿಮಾನ ಹೀಗೆ ಎಂದು ಅಪ್ಪನ ಹಾಗೇ ನೂಲನ್ನು ನೆಟ್ಟಗೆ ಎಳೆದು ತೋರಿಸಿದೆ. ಧೈರ್ಯ ಹೇಳುವ ನನ್ನ ರೀತಿ ಅದು. ಅತ್ತೆ ನೂಲನ್ನು ನೋಡಿ, ನಡುವೆ ಯಾವ ಯಾವ ಊರು ಎಂದು ಕೇಳಿದರು. ಯಾವ ಊರೂ ಇಲ್ಲ, ಮೇಲೆ ಬರೀ ಮೋಡ ಎಂದೆ.

“ಊರೇ ಇಲ್ದಿರೋ ದಾರೀಲಿ ನಾನು ಅವನನ್ನ ಹ್ಯಾಗೆ ಕರ್ಕೊಂಡು ಹೋಗ್ಲಿ?”

ಅತ್ತೆ ಕಣ್ಣು ಮುಚ್ಚಿದರು. ಅವರ ರೆಪ್ಪೆಯ ಹಿಂದೆ ಗುಡ್ಡೆಗಳು ಅತ್ತಿತ್ತ ಓಡುತ್ತಿದ್ದವು, ಕತ್ತಲ ಕೋಣೆಯಲ್ಲಿ ಏನನ್ನೋ ತಡಕಾಡುವವರ ಹಾಗೆ. ಕೊನೆಗೆ ಸಿಕ್ಕಿತೇನೋ, ಉಸಿರು ಬಿಟ್ಟು ‘ಯಶವಂತಪುರ’ ಎಂದರು. ಅವರು ತುಮಕೂರು ದಾಟುವಷ್ಟರಲ್ಲಿ ಫೋನು ಬಂತು. ಅಣ್ಣಾರು ಬಂದು ಮುಟ್ಟ್ಯಾರ್ರೀ ವೈನಿ ಎಂದು ಪದ್ಮಳ ಗಂಡ ಹೇಳಿದರು. ಅಬ್ಬ ಎನಿಸಿತು. ಸೇರಿದರಂತೆ, ಏಳಿ, ಒಂದಿಷ್ಟು ಗಂಜಿ ಕುಡಿಯಿರಿ ಎಂದು ಹೇಳುತ್ತ ಪೊರಕೆ ತರಲು ಹೋದೆ. ಅತ್ತೆ ಕಣ್ಣು ಬಿಡಲಿಲ್ಲ.

“ಪೊರಕಿ ಇಡು. ಅಂವ ಇನ್ನೂ ಗುಬ್ಬಿ ದಾಟಿಲ್ಲ.”

ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೊರಗೆ ಚೆನ್ನಾಗಿ ಬಿಸಿಲು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು, ಎದುರುಮನೆಯ ರೇಡಿಯೋ ವಾರ್ತೆ ಹೇಳಿತು. ಒಳಗೆ ಹಜಾರದಲ್ಲಿ ಮಾತ್ರ ಏನೋ ಚಲಿಸುತ್ತಿದೆ ಎನಿಸುತ್ತಿತ್ತು. ನೆಲ ನಿಂತೇ ಇತ್ತು, ಕಂಬಗಳೂ ನಿಂತಿದ್ದವು, ಆದರೂ ಅಡುಗೆಮನೆಯಿಂದ ಹಜಾರಕ್ಕೆ ಬರುವಾಗ ನಾನು ಗೋಡೆ ಹಿಡಿದುಕೊಂಡೇ ಬರುತ್ತಿದ್ದೆ. ತಿಪಟೂರು. ಅರಸೀಕೆರೆ. ಕಡೂರು.

ಆಗ ಮತ್ತೆ ಫೋನು. ಈ ಸಲ ಪದ್ಮಳ ಗಂಡನ ದನಿ ಒಡೆದಿತ್ತು. ಇವರು ಬಂದಾಗಿನಿಂದ ಅವಳ ಮಂಚದ ಪಕ್ಕದಲ್ಲೇ ಕೈ ಹಿಡಿದು ಕೂತಿದ್ದಾರೆ, ಪದ್ಮೀ ಪದ್ಮೀ ಎಂದು ಕರೆಯುತ್ತಿದ್ದಾರೆ. ಅವಳು ಇವರ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿಕೊಂಡು, ಅಣ್ಣ ಯಾವಾಗ ಬರ್ತಾನ ಅಂತ ಇವರನ್ನೇ ಕೇಳುತ್ತಿದ್ದಾಳಂತೆ. ಹಲ್ಲು ಬಿಟ್ಟಿಲ್ಲ. ನಾನು ಬಂದು ಅತ್ತೆಗೆ ಹೇಳಿದೆ, ಹೇಳುವಾಗ ಅತ್ತೂಬಿಟ್ಟೆ. ಅವರು ಅಳಲಿಲ್ಲ. “ಅಂವ ಬಂದಿದ್ರಲ್ಲೇನು ಆಕಿ ನೋಡ್ಲಿಕ್ಕೆ” ಎಂದು ಬೀರೂರಿಗೆ ಹೋದರು.

ನಾನು ಭೂಪಟದ ಮುಂದೆ ಕೂತೆ. ನೂಲನ್ನು ಹಾದಿಯ ಮೇಲೆ ಬಳುಕಿಸಿ ಇಟ್ಟೆ, ಮತ್ತೆ ನೆಟ್ಟಗೆ ಎಳೆದೆ. ಉಳಿದದ್ದು ಕೈಯಲ್ಲೇ ಇತ್ತು. ಅದನ್ನು ಬಿಸಾಡಲು ನನಗೆ ಹೆದರಿಕೆಯಾಯಿತು ಎಂದರೆ ನೀವು ನಗುತ್ತೀರಿ. ಬೆರಳಿಗೆ ಸುತ್ತಿಕೊಂಡು, ನನಗೇ ತಿಳಿಯದ ಹಾಗೆ ಅತ್ತೆಯ ಜೊತೆ ಊರುಗಳ ಹೆಸರು ಹೇಳತೊಡಗಿದೆ. ದಾವಣಗೆರೆ, ಹರಿಹರ. ಸೇತುವೆಯ ಹತ್ತಿರ ಅವರು ಕೈ ಮುಗಿದಾಗ ನಾನೂ ಮುಗಿದೆ. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ‘ಹುಬ್ಬಳ್ಳಿ’ ಎಂದರು. ‘ಇಳಿದ’ ಎಂದು ನೆಲಕ್ಕೆ ಕೈಯೂರಿದರು. ಅವರು ನೆಟ್ಟಗೆ ನಿಲ್ಲುವುದಕ್ಕೂ ಮೊದಲೇ ಫೋನು ಹೊಡೆದುಕೊಂಡಿತು. ಇವರೇ ಮಾತಾಡಿದರು.

“ಪದ್ಮ ನನ್ನ ನೋಡಿದ್ಲು ಕಣೇ. ‘ಈಗ ಬಂದ್ಯಾ, ಇಷ್ಟೊತ್ತು ಎಲ್ಲಿದ್ದೆ’ ಅಂತ ಬೈದ್ಲು. ಮಾತ್ರೆ ನುಂಗಿದ್ಲು.”

ಇಂಜೆಕ್ಷನ್ನಿಗೆ ಜ್ವರ ಇಳಿಯಲು ಅಷ್ಟು ಹೊತ್ತು ಬೇಕೇ ಬೇಕು, ಜ್ವರ ಇಳಿದ ಮೇಲೆ ಗುರುತು ಸಿಕ್ಕೇ ಸಿಗುತ್ತದೆ. ಇದು ನನ್ನೊಳಗಿನ ಟೀಚರು ಹೇಳುವ ಮಾತು. ನಾನು ಅವಳನ್ನು ಗೌರವಿಸುತ್ತೇನೆ. ಆದರೆ ಆ ದಿನ ಫೋನಿಟ್ಟವಳು ಓಡಿಬಂದು ಅತ್ತೆಯ ಕಾಲಿಗೆ ಬಿದ್ದದ್ದು ಬೇರೆ ಯಾರೋ ಅಲ್ಲ, ನಾನೇ. ದೀಪ ಹಚ್ಚಿದ ಮೇಲೆ ಗುಡಿಸಬಾರದಲ್ಲ, ಹಜಾರ ಮರುದಿನದ ತನಕ ಹಾಗೇ ಇತ್ತು.

ಪದ್ಮ ಚೇತರಿಸಿಕೊಂಡಳು. ಹದಿನೈದು ದಿನ ಜೊತೆಗಿದ್ದು ಇವರು ಹೊರಟು ನಿಂತರು. ಕಚೇರಿಯಿಂದ ಬುಲಾವು ಬಂದಿತ್ತು, ಮತ್ತೆ ಅದೇ ವಿಮಾನ. ರೈಲಲ್ಲಿ ಬಾರೋ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದಕ್ಕೆ, ಅಷ್ಟೊತ್ತು ಯಾರು ಕೂರ್ತಾರಮ್ಮಾ ಎಂದು ಇವರು ನಕ್ಕರಂತೆ. ನಾನು ಕೂರ್ತೀನಲ್ಲ ಎಂದರು ಅತ್ತೆ. ಮಧ್ಯಾಹ್ನ ಊಟ ಮುಗಿಸಿ, ವಿಮಾನ ಹೊರಡುವ ಹೊತ್ತಿಗೆ ಮಣೆ ಹಾಕಿದರು. ಹುಬ್ಬಳ್ಳಿಯಿಂದ ಈ ಕಡೆಗೆ. ಹಾವೇರಿ, ಬ್ಯಾಡಗಿ. ಅವರು ‘ರಾಣೆಬೆನ್ನೂರು’ ಎಂದಾಗ ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ.

ಗೇಟಿನ ಸದ್ದಾಯಿತು. ಬಾಗಿಲಲ್ಲಿ ಇವರು, ಕೈಯಲ್ಲಿ ಚೀಲ, ಗಡ್ಡ ಬಿಟ್ಟುಕೊಂಡು ಸೊರಗಿದ್ದಾರೆ. ಮಗಳನ್ನು ಉಳಿಸಿ ಬಂದ ಮಗ ಬಾಗಿಲಲ್ಲಿ ನಿಂತಿದ್ದರೆ ಯಾವ ತಾಯಿ ಕಣ್ಣು ಮುಚ್ಚಿಕೊಂಡು ಕೂರುತ್ತಾಳೆ, ಹೇಳಿ? ಅತ್ತೆ ದಡಕ್ಕನೆ ಎದ್ದರು. ಬಂದ್ಯಾ ನನ್ನಪ್ಪಾ ಎಂದು ಎರಡೂ ಕೈಯಲ್ಲಿ ಇವರ ಮುಖ ಹಿಡಿದುಕೊಂಡರು. ಪದ್ಮ ಹ್ಯಾಗಿದಾಳೆ, ಅನ್ನ ತಿಂತಾಳಾ, ಎದ್ದು ಓಡಾಡ್ತಾಳಾ ಎಂದು ಒಂದೇ ಉಸಿರಿನಲ್ಲಿ ಕೇಳಿದರು. ನಾನು ಸಡಗರದಿಂದ ಕಾಫಿ ತಂದುಕೊಟ್ಟು ಸಕ್ಕರೆ ಸಾಕಾ ಎಂದೆ. ಕೊಂಕುಮಾತಿಗೆ ಬಾಯಲ್ಲಿ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಇವರು ಲೋಟವನ್ನು ನೋಡಿದರು. ಕುಡಿದರು. ಲೋಟ ಕೆಳಗಿಟ್ಟರು. ಏನೂ ಹೇಳಲಿಲ್ಲ.

ಆಗಲೇ ಅತ್ತೆ ಹಿಂದಿರುಗಿ ನೋಡಿದ್ದು. ಎರಡು ಕಂಬಗಳ ನಡುವೆ ಖಾಲಿ ಮಣೆ.

“ಹೊಳಿ ದಾಟಿಸಿದ್ದಿಲ್ಲ” ಎಂದರು. ಮಣೆಯ ಮೇಲೆ ಇಲ್ಲದಾಗಲೂ ಅದೇ ದನಿ ಬಂದದ್ದು ಆ ಒಂದು ಸಲ ಮಾತ್ರ. ಹೋಗಿ ಮತ್ತೆ ಕೂತರು, ಕಣ್ಣು ಮುಚ್ಚಿದರು. ಸಂಜೆಯಾದರೂ ಬಾಯಿಂದ ಹರಿಹರ ಬರಲಿಲ್ಲ. ಒಮ್ಮೆ ಎದ್ದವರಿಗೆ ದಾರಿ ಮತ್ತೆ ಸಿಗುವುದಿಲ್ಲವಂತೆ.

ಆಮೇಲೆ ಏನಾಯಿತು ಎಂದು ಕೇಳಿದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಇವರು ಕಚೇರಿಗೆ ಹೋದರು, ಬಂದರು, ಉಂಡರು, ಮಲಗಿದರು. ಏನಾದರೂ ಕೇಳಿದರೆ ಸ್ವಲ್ಪ ತಡವಾಗಿ ಹೂಂ ಎನ್ನುತ್ತಿದ್ದರು, ದೂರದಿಂದ ಟ್ರಂಕ್‌ಕಾಲ್ ಬಂದ ಹಾಗೆ. ಗುನುಗುವುದು ನಿಂತಿತು. ಪೇಪರು ಮಡಿಸಿದ್ದು ಮಡಿಸಿದ ಹಾಗೇ. ಕಾಫಿಗೆ ಸಕ್ಕರೆ ಹಾಕದೆ ಕೊಟ್ಟು ನೋಡಿದೆ, ಕುಡಿದರು. ಎರಡರಷ್ಟು ಹಾಕಿ ಕೊಟ್ಟೆ, ಅದನ್ನೂ ಕುಡಿದರು. ಬೀದಿಯ ತುದಿಯ ಅಂಗಡಿಯ ಹತ್ತಿರ ಒಂದು ಕಂದು ನಾಯಿ ಇತ್ತು. ದಿನಾ ಸಂಜೆ ಇವರ ಹಿಂದೆ ಬಾಲ ಆಡಿಸಿಕೊಂಡು ನಮ್ಮ ಗೇಟಿನ ತನಕ ಬರುತ್ತಿತ್ತು. ಈಗ ಅದು ಇವರು ಪಕ್ಕದಲ್ಲೇ ಹಾದುಹೋದರೂ ಏಳುತ್ತಿರಲಿಲ್ಲ. ಇವರು ಒಳಗೆ ಬಂದು ಕಾಲು ತೊಳೆದು ಕೂತ ಮೇಲೂ ಅದು ಅಲ್ಲೇ ಕೂತು ರಸ್ತೆಯ ಆ ತುದಿಯನ್ನು ನೋಡುತ್ತಿತ್ತು. ನಾನು ಕಿಟಕಿಯಿಂದ ನೋಡಿ ನೋಡಿ ಕೊನೆಗೆ ಆ ಕಿಟಕಿ ತೆಗೆಯುವುದನ್ನೇ ಬಿಟ್ಟೆ.

ಡಾಕ್ಟರಿಗೆ ತೋರಿಸಿದೆವು, ಆಯಾಸ ಎಂದು ಟಾನಿಕ್ಕು ಬರೆದರು. ಸ್ಟಾಫ್ ರೂಮಿನಲ್ಲಿ ತಡೆಯಲಾಗದೆ ಒಮ್ಮೆ ಹೇಳಿಕೊಂಡರೆ ಗೆಳತಿಯರು ಬಿದ್ದು ಬಿದ್ದು ನಕ್ಕರು. ನಮ್ಮನೆಯವರು ಮದುವೆಯಾದಾಗಿನಿಂದಲೂ ಹೊಳೆಯ ಆಚೆಯೇ ಇದ್ದಾರೆ, ನೀನು ಪುಣ್ಯ ಮಾಡಿದ್ದೆ, ನಿನಗೆ ಈಗ ಗೊತ್ತಾಯಿತು ಎಂದಳು ಒಬ್ಬಳು. ನಾನೂ ನಕ್ಕೆ. ಆದರೆ ಅವರಿಗೆ ಹೇಗೆ ಹೇಳಲಿ? ನನಗೆ ನನ್ನ ಗಂಡ ಬೇಕಿತ್ತು. ಎದುರಿಗೇ ಕೂತವರನ್ನು ನೆನೆಸಿಕೊಂಡು ಹಿತ್ತಲಿನ ನಲ್ಲಿಯ ಹತ್ತಿರ ನಿಂತು ಅಳುವುದು ಎಂಥ ಕಷ್ಟ ಅಂತ ಯಾರಿಗೆ ಹೇಳುವುದು?

ಅತ್ತೆ ಆಮೇಲೆ ಬಹಳ ವರ್ಷ ಇರಲಿಲ್ಲ. ಕೊನೆಗಾಲದಲ್ಲಿ ಮಗ ಎದುರಿಗೆ ಬಂದು ನಿಂತರೆ ಮುಖ ನೋಡಿ, ನಿಟ್ಟುಸಿರು ಬಿಟ್ಟು, ಬಾಗಿಲ ಕಡೆ ತಿರುಗುತ್ತಿದ್ದರು. ಒಂದು ದಿನ ನಾನು ಅವರ ತಲೆ ಬಾಚುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಒಂದ್ಸಲ ರೈಲಲ್ಲಿ ಕರ್ಕೊಂಡ್ಬಾ ಅವನನ್ನ. ಹೆಸರು ಹೇಳ್ತಾ ಬಾ. ಸೇತುವೆ ಮೇಲೆ ಕೈ ಮುಗಿ, ಮರೀಬೇಡ” ಎಂದರು.

ಅವರನ್ನು ಎತ್ತಿದ ಹಿಂದೆಯೇ ನೆರೆಮನೆಯ ಹೆಂಗಸರು ಹಜಾರ ಗುಡಿಸಿ ನೀರು ಹಾಕಿ ತೊಳೆದರು. ಅತ್ತೆಯ ಹಿಂದೆ ಯಾರೂ ಕೂರಲಿಲ್ಲ. ಕೂತರೂ ಆ ದಾರಿಯ ಊರುಗಳ ಹೆಸರು ಯಾರಿಗೆ ಗೊತ್ತು? ಇವರು ಎಲ್ಲ ಕರ್ಮಗಳನ್ನೂ ಸರಿಯಾಗಿ ಮಾಡಿದರು, ಒಂದು ತೊಟ್ಟು ಕಣ್ಣೀರು ಬರಲಿಲ್ಲ. ಎಂಥ ಧೈರ್ಯಸ್ಥ ಎಂದು ಬಂದವರೆಲ್ಲ ಹೊಗಳಿದರು. ನನಗೆ ಅದನ್ನು ಕೇಳಿ ಚಳಿ ಹಿಡಿಯಿತು.

ಪದ್ಮಳ ಮಗನ ಮುಂಜಿಯ ಕರೆ ಬಂದದ್ದು ಅದಾದ ಮೂರ್ನಾಲ್ಕು ವರ್ಷಕ್ಕೆ. ಆ ಪುಟ್ಟ ವಿಮಾನ ಅಷ್ಟರಲ್ಲಿ ನಿಂತುಹೋಗಿತ್ತು. ಒಳ್ಳೆಯದೇ ಆಯಿತು ಎಂದುಕೊಂಡು ರೈಲಿಗೆ ಟಿಕೆಟ್ ತೆಗೆಸಿದೆ. ಹೋಗುವಾಗ ರಾತ್ರಿಯ ಗಾಡಿ, ಹೊಳೆ ಯಾವಾಗ ಬಂತೋ ಯಾವಾಗ ಹೋಯಿತೋ, ನಿದ್ದೆ. ನನಗೆ ಬೇಕಾಗಿದ್ದದ್ದು ವಾಪಸು ಬರುವ ಹಾದಿ. ಮುಂಜಿ ಮುಗಿಸಿ ಹಗಲು ಗಾಡಿಗೆ ಹತ್ತಿದೆವು, ಇವರು ಕಿಟಕಿಯ ಪಕ್ಕ, ನಾನು ಎದುರಿಗೆ.

ಹುಬ್ಬಳ್ಳಿ ಬಿಟ್ಟ ಕೂಡಲೇ ಶುರುಮಾಡಿದೆ. ನಾಚಿಕೆ ಎಂದರೆ ನಾಚಿಕೆ. ಎಷ್ಟೋ ತರಗತಿಗಳ ಮಕ್ಕಳಿಗೆ ಭೂಗೋಳ ಹೇಳಿದವಳು ಬೋಗಿಯ ನಡುವೆ ಕೂತು, ಗಂಡನ ಮುಖ ನೋಡಿಕೊಂಡು, ಹಾವೇರಿ ಬ್ಯಾಡಗಿ ಎಂದು ಪಾಠ ಒಪ್ಪಿಸುತ್ತಿದ್ದೇನೆ! ಪಕ್ಕದಲ್ಲಿ ಡಬ್ಬಿಯಿಂದ ಚಪಾತಿ ತಿನ್ನುತ್ತಿದ್ದ ಹೆಂಗಸು, ನಾನು ಇಳಿಯುವ ಊರು ತಪ್ಪಿಹೋದೀತೆಂದು ಹೆದರಿದ್ದೇನೆ ಅಂದುಕೊಂಡು, ನಿಮ್ಮೂರು ಬಂದ್ರ ನಾ ಹೇಳ್ತೇನ್ರೀ ಅಕ್ಕಾ, ಆರಾಮ ಕೂಡ್ರಿ ಎಂದಳು. ಇವರು ಎಂದಿನ ಹಾಗೆ ಹೊರಗೆ ನೋಡುತ್ತಿದ್ದರು. ರಾಣೆಬೆನ್ನೂರು ಬಂತು. ಅತ್ತೆ ಎದ್ದ ಜಾಗ. ಗಾಡಿ ನಿಂತಿತು, ಮತ್ತೆ ಹೊರಟಿತು. ಹತ್ತಿದವರು ಯಾರೂ ನಮ್ಮ ಕಡೆಗೆ ಬರಲಿಲ್ಲ, ಆದರೂ ಇವರ ಪಕ್ಕ ಸೀಟಿನ ರೆಕ್ಸಿನ್ನು ಯಾರ ಭಾರಕ್ಕೋ ಒಮ್ಮೆ ತಗ್ಗಿ ಎದ್ದಂತೆ ಕಂಡಿತು. ಗಾಡಿಯ ಕುಲುಕಾಟ ಇರಬಹುದು.

ಸೇತುವೆಯ ಮೇಲೆ ಗಾಲಿಯ ಸದ್ದು ಬದಲಾಯಿತು. ಕೆಳಗೆ ತುಂಗಭದ್ರೆ, ಅರ್ಧ ಮರಳು, ಅರ್ಧ ನೀರು. ನಾನು ಕಣ್ಣು ಮುಚ್ಚಿ ಕೈ ಮುಗಿದೆ. ತೆರೆದಾಗ ಎದುರಿಗೆ ಇವರೂ ಕೈ ಮುಗಿದುಕೊಂಡಿದ್ದರು.

ಹರಿಹರದಲ್ಲಿ ಕಾಫಿಯವನು ಬಂದ. ಇವರೇ ಎರಡು ಕಪ್ಪು ತೆಗೆದುಕೊಂಡು ಒಂದನ್ನು ನನಗೆ ಕೊಟ್ಟರು. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು.

“ಇದು ಪರವಾಗಿಲ್ಲ. ನೀನು ಕೊಟ್ಟಿದ್ದು ಪಾಯಸ ಆಗಿತ್ತು ಕಣೇ” ಎಂದರು.

ಯಾವಾಗ ಕೊಟ್ಟದ್ದು ಎಂದು ನಾನು ಕೇಳಲಿಲ್ಲ. ಇವರು ನಗುತ್ತಿದ್ದರು, ಆ ಹಳೆಯ ನಗು. ಇಷ್ಟು ವರ್ಷ ನಾನು ಯಾರಿಗಾಗಿ ಅತ್ತಿದ್ದೆನೋ ಅವರು ಎದುರಿಗೆ ಕೂತು ಕಾಫಿಗೆ ಹೆಸರಿಡುತ್ತಿದ್ದರು. ಗಾಡಿ ಹೊರಟ ಮೇಲೆ ಗಡಿಯಾರ ನೋಡಿಕೊಂಡು, ಏನೋ ಜ್ಞಾಪಕಕ್ಕೆ ಬಂದವರಂತೆ ಮುಂದಕ್ಕೆ ಬಾಗಿದರು.

“ಅಮ್ಮ ಇನ್ನೂ ಕೂತೇ ಇರ್ತಾಳೆ, ಅಲ್ವಾ?”

ನಾನು ಅವರ ಕೈಯಿಂದ ಕಪ್ಪನ್ನು ಮೆಲ್ಲಗೆ ತೆಗೆದುಕೊಂಡೆ.

“ಇಲ್ಲ ರೀ. ಎದ್ಬಿಟ್ರು” ಎಂದೆ.

ಅದು ಅವರನ್ನು ಮುಟ್ಟಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಇವರು ಅತ್ತರು. ಮಸಣದಲ್ಲಿ ಅಳದಿದ್ದದ್ದು, ಹನ್ನೊಂದನೆಯ ದಿನ ಅಳದಿದ್ದದ್ದು, ಎಲ್ಲ ಸೇರಿಸಿ ದಾವಣಗೆರೆಯ ತನಕ ಅತ್ತರು. ಚಪಾತಿಯ ಹೆಂಗಸು ಯಾರು ಹೋದ್ರೀ ಅಕ್ಕಾ ಎಂದು ಪಿಸುಗುಟ್ಟಿದಳು. ಅವರ ತಾಯಿ ಎಂದೆ. ಈಗ ಸುದ್ದಿ ಬಂತಾ ಎಂದಳು. ಹೌದು, ಈಗ ಬಂತು ಎಂದೆ. ಅವಳು ತನ್ನ ನೀರಿನ ಬಾಟಲಿ ಕೊಟ್ಟಳು. ನಾನು ಇವರ ಪಕ್ಕಕ್ಕೆ ಬಂದು ಕೂತು, ಕೈ ಹಿಡಿದುಕೊಂಡು, ಯಶವಂತಪುರದ ತನಕ ಒಂದು ಊರನ್ನೂ ಬಿಡದೆ ಹೆಸರು ಹೇಳಿದೆ.

ಮರುದಿನ ಬೆಳಿಗ್ಗೆ ರತ್ನಮ್ಮ ಬಂದಾಗ ನಾನು ಕಾಫಿ ಸೋಸುತ್ತಿದ್ದೆ. ಅವಳು ಎಂದಿನಂತೆ ಹೊಸ್ತಿಲಲ್ಲಿ ನಿಂತು, “ಇಬ್ರೂ ಬಂದ್ರಾ ಅಮ್ಮಾ? ಗುಡಿಸ್ಲಾ?” ಎಂದಳು. ಹಿತ್ತಲಿನಲ್ಲಿ ನಲ್ಲಿಯ ಪಕ್ಕ ಇವರು ಕನ್ನಡಿ ತೂಗುಹಾಕಿಕೊಂಡು ಗಡ್ಡ ಹೆರೆಯುತ್ತಿದ್ದರು. ನಾನು ಸೌಟು ಹಿಡಿದುಕೊಂಡೇ ಕಿವಿಗೊಟ್ಟೆ. ನೀರಿನ ಸದ್ದಿನ ನಡುವೆ ಆ ಅರ್ಧಂಬರ್ಧ ರಾಗ ಕೇಳಿಸಿತು.

“ಬಂದ್ವಿ” ಎಂದೆ. “ಗುಡಿಸು.”